ಸಾಲ್ಮಿಯಾದಲ್ಲಿ ನಾನು ನಡೆಸಿದ ಅಮೆರಿಕನ್ ಚುನಾವಣೆ

ನಾನು ನಿಂತಿದ್ದದ್ದು ಶಾಲೆಯ ಅಂಗಳದ ಬಲಬದಿಯಲ್ಲಿ, ಬಸ್ಸುಗಳು ಒಳಗೆ ಬರುವ ಗೇಟಿನ ಪಕ್ಕದ ಕಂಬಕ್ಕೆ ಬೆನ್ನು ತಾಗಿಸಿಕೊಂಡು. ಊರು ಕುವೈತಿನ ಸಾಲ್ಮಿಯಾ. ಅಮೆರಿಕನ್ ಪಠ್ಯಕ್ರಮದ ಒಂದು ಖಾಸಗಿ ಶಾಲೆ. 2005ರ ಮಾರ್ಚ್ ತಿಂಗಳು, ಶನಿವಾರದ ಬೆಳಗಿನ ಅಸೆಂಬ್ಲಿ. ಆಗ ಅಲ್ಲಿ ಗುರುವಾರ, ಶುಕ್ರವಾರ ರಜೆ. ವಾರ ಶುರುವಾಗುತ್ತಿದ್ದುದೇ ಶನಿವಾರ. ನನ್ನೆದುರು ಮೈಕು, ಮೈಕಿನಾಚೆ ಸಾಲಾಗಿ ನಿಂತ ಮಕ್ಕಳು, ಎಡಕ್ಕೆ ಕುರ್ಚಿಯಲ್ಲಿ ಶಾಲೆಯ ಮಾಲೀಕರು. ಮೈಕಿನ ಮುಂದೆ ಹೋಗಿ, ಚುನಾವಣೆಯ ಲೆಕ್ಕ ಕೂಡಿಸುವಾಗ ನನ್ನಿಂದ ತಪ್ಪಾಯಿತು ಎಂದು ನಾನು ಹೇಳಬೇಕಿತ್ತು. ತಪ್ಪಾಗಿರಲಿಲ್ಲ. ಆದರೆ ನನ್ನ ಇಕಾಮಾ, ಅಂದರೆ ಆ ದೇಶದಲ್ಲಿ ವಾಸಿಸಲು ಬೇಕಾದ ಪರವಾನಗಿ, ಆ ತಿಂಗಳ ಕೊನೆಗೆ ಮುಗಿಯುವುದಿತ್ತು. ಅದನ್ನು ಮುಂದುವರಿಸುವುದೂ ಬಿಡುವುದೂ ಕುರ್ಚಿಯಲ್ಲಿ ಕೂತವರ ಕೈಯಲ್ಲಿತ್ತು.

ಗಲ್ಫಿನ ಶಾಲೆಗಳಿಗೆ ಮೇಷ್ಟ್ರಾಗಿ ಹೊರಟ ಹುಡುಗ ಹುಡುಗಿಯರು ಈಗಲೂ ನನ್ನ ಹತ್ತಿರ ಬಂದು, ಅಲ್ಲಿ ಕೆಲಸ ಹೇಗಿರುತ್ತದೆ ಎಂದು ಕೇಳುತ್ತಾರೆ. ಸಂಬಳದ ವಿಚಾರ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ, ಕಂಡದ್ದನ್ನು ಕಂಡಷ್ಟೇ. ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಬೇಕು. ಹೆದರಿದಾಗ ಕೈ ನಡುಗುವುದು ನನ್ನ ಹಳೆಯ ಸ್ವಭಾವ, ಆ ಶನಿವಾರವನ್ನು ನೆನೆದರೆ ಈಗಲೂ ನಡುಗುತ್ತದೆ.

ನಾನು ಆ ಶಾಲೆಗೆ ಸೇರಿದ್ದು ತೊಂಬತ್ತರ ದಶಕದಲ್ಲಿ, ಯುದ್ಧ ಮುಗಿದ ಮೇಲೆ, ವಾಣಿಜ್ಯ ಪಾಠ ಮಾಡಲು. ಒಂದು ವರ್ಷ ಕ್ರಿಸ್ಮಸ್ ರಜೆಗೆಂದು ಊರಿಗೆ ಹೋದ ಅಮೆರಿಕನ್ ಮೇಷ್ಟ್ರು ವಾಪಸು ಬರಲಿಲ್ಲ. ಅವರು ಪಾಠ ಮಾಡುತ್ತಿದ್ದುದು ಅಮೆರಿಕದ ಸರಕಾರ ಎಂಬ ವಿಷಯ. ಪ್ರಿನ್ಸಿಪಾಲ್ ಮಿಸ್ ಹುದಾ, ಲೆಬನಾನಿನವರು, ಒಂದು ದಪ್ಪ ಪುಸ್ತಕ ತಂದು ನನ್ನ ಮೇಜಿನ ಮೇಲಿಟ್ಟರು.

"ಮಿಸ್ಟರ್ ವಿನ್ಸೆಂಟ್, ನಾಳೆಯಿಂದ ಅಮೆರಿಕ ನಿಮ್ಮದು."

"ಮೇಡಂ, ನಾನು ಅಮೆರಿಕ ನೋಡಿಲ್ಲ."

"ಇತಿಹಾಸದ ಮೇಷ್ಟ್ರು ರೋಮನ್ ಸಾಮ್ರಾಜ್ಯ ನೋಡಿದ್ದಾರಾ? ಖಲಾಸ್."

ಮಿಸ್ ಹುದಾ ಖಲಾಸ್ ಎಂದರೆ ಮುಗಿಯಿತು ಎಂದೇ ಅರ್ಥ. ಮೇಲ್ಮನವಿ ಇರಲಿಲ್ಲ.

ಒಕ್ಕೂಟ ವ್ಯವಸ್ಥೆ ಎಂಬ ಅಧ್ಯಾಯದಲ್ಲೇ ನಾನು ಸಿಕ್ಕಿಹಾಕಿಕೊಂಡೆ. ರಾಜ್ಯಗಳಿಗೆ ಒಂದಿಷ್ಟು ಅಧಿಕಾರ, ಕೇಂದ್ರಕ್ಕೆ ಒಂದಿಷ್ಟು, ಇಬ್ಬರಿಗೂ ಸೇರಿದ್ದು ಒಂದಿಷ್ಟು ಎಂದು ಪುಸ್ತಕ ಹೇಳುತ್ತಿತ್ತು. ಓದಿದರೆ ನನಗೇ ನಿದ್ದೆ ಬರುತ್ತಿತ್ತು. ಕೊನೆಗೆ ಅದು ಅರ್ಥವಾದದ್ದು ಒಂದು ಶುಕ್ರವಾರ, ನಮ್ಮ ಕೊಂಕಣಿ ಜನರ ಸಂಘದ ಮೀಟಿಂಗಿನಲ್ಲಿ. ನಮ್ಮ ಕಡೆಯ ಒಂದೊಂದು ಊರಿನ ಚರ್ಚಿನವರದ್ದೂ ಕುವೈತಿನಲ್ಲಿ ಒಂದೊಂದು ಸಂಘವಿತ್ತು. ಎಲ್ಲ ಸಂಘಗಳ ಮೇಲೆ ಒಂದು ಒಕ್ಕೂಟ. ಪಿಕ್ನಿಕ್ ಯಾವ ಶುಕ್ರವಾರ ಎಂದು ತೀರ್ಮಾನಿಸುವುದು ಊರಿನ ಸಂಘದ ಅಧಿಕಾರ. ಯಾರಾದರೂ ತೀರಿಕೊಂಡರೆ ಪೆಟ್ಟಿಗೆಯನ್ನು ವಿಮಾನ ಹತ್ತಿಸಿ ಮಂಗಳೂರಿಗೆ ಮುಟ್ಟಿಸುವುದು ಒಕ್ಕೂಟದ ಅಧಿಕಾರ. ನಂಬರು ಕೂಗುವ ಹೌಸಿ ಆಟ ಆಡಿಸುವ ಅಧಿಕಾರ ತಮ್ಮದೆಂದು ಇಬ್ಬರೂ ಹೇಳುತ್ತಿದ್ದರು, ಮೀಟಿಂಗಿನಲ್ಲಿ ಕುರ್ಚಿಗಳು ಸರಿದಾಡುತ್ತಿದ್ದದ್ದು ಆ ವಿಷಯಕ್ಕೆ. ನಾಲ್ಕೈದೇ ಕುಟುಂಬಗಳಿದ್ದ ಒಂದು ಸಣ್ಣ ಊರಿನವರಂತೂ, ದೊಡ್ಡ ಊರಿನವರಿಗೆ ಎಷ್ಟು ಜನ ಪ್ರತಿನಿಧಿಗಳೋ ತಮಗೂ ಅಷ್ಟೇ ಬೇಕೆಂದು ಹಟ ಹಿಡಿದು ಗೆದ್ದಿದ್ದರು.

ಮರುದಿನ ಇದನ್ನೇ ಪಾಠ ಮಾಡಿದೆ. ಆಮೇಲೆ ವರ್ಷವರ್ಷವೂ ಅದನ್ನೇ ಮಾಡಿದೆ. ಹೊಸ ಮೇಷ್ಟ್ರುಗಳಿಗೆ ನನ್ನ ಮಾತು ಇಷ್ಟೇ: ಗೊತ್ತಿಲ್ಲದ ದೇಶದ ಪಾಠ ಮಾಡಬೇಕಾಗಿ ಬಂದರೆ ಗೊತ್ತಿರುವ ಜಗಳದಿಂದ ಶುರುಮಾಡಿ.

2005ರಲ್ಲಿ ನನ್ನ ಹನ್ನೊಂದನೇ ತರಗತಿಯಲ್ಲಿ ನವಾಫ್ ಎಂಬ ಹುಡುಗನಿದ್ದ. ಶಾಲೆಯ ಮಾಲೀಕರಾದ ಅಬು ಫಹದ್ ಅವರ ಮೊಮ್ಮಗ. ಹಿಂದಿನ ಬೆಂಚಿನಲ್ಲಿ ಮಲಗುತ್ತಿದ್ದ, ಆದರೆ ಬೇಕಾದ ಮಾತಿಗೆ ಸರಿಯಾಗಿ ಎಚ್ಚರವಾಗುತ್ತಿದ್ದ.

"ಮಿಸ್ಟರ್, ನಿಮ್ಮ ಒಕ್ಕೂಟಕ್ಕೆ ಅಧ್ಯಕ್ಷರು ಯಾರು?"

ಹೆಸರು ಹೇಳಿದೆ.

"ಅವರಿಗಿಂತ ಮುಂಚೆ?"

"ಅವರೇ."

"ಓ, ನಮ್ಮ ಅಜ್ಜನ ಶಾಲೆಯ ಹಾಗೆ," ಎಂದು ಮತ್ತೆ ಮಲಗಿದ.

ಅವನ ಅಜ್ಜನ ಬಗ್ಗೆ ಹೇಳಬೇಕು. ಅಬು ಫಹದ್ ಕೆಟ್ಟ ಮನುಷ್ಯರಲ್ಲ. ಶಾಲೆಯ ಗೇಟಿನ ಮೇಲೆ ನೂರಕ್ಕೆ ನೂರು ಅಮೆರಿಕನ್ ಎಂದು ಬರೆಸಿದ್ದರು; ಅದನ್ನು ನಂಬಿದ್ದರು ಕೂಡ. ನಾನು ಸೇರಿದ ಹೊಸತರಲ್ಲಿ ಈದ್ ಹಬ್ಬಕ್ಕೆ ಶಿಕ್ಷಕರನ್ನೆಲ್ಲ ತಮ್ಮ ದಿವಾನಿಯಾಕ್ಕೆ ಕರೆದಿದ್ದರು. ದಿವಾನಿಯಾ ಎಂದರೆ ಕುವೈತಿನ ಮನೆಗಳಲ್ಲಿ ಗಂಡಸರು ಸಂಜೆ ಸೇರಿ ಕೂರುವ ದೊಡ್ಡ ಕೋಣೆ. ವ್ಯಾಪಾರ, ಮದುವೆ ಮಾತುಕತೆ, ರಾಜಕೀಯ ಎಲ್ಲ ಅಲ್ಲೇ ಕುದುರುತ್ತದೆ. ಹಿಡಿಯಿಲ್ಲದ ಪುಟ್ಟ ಬಟ್ಟಲಿನಲ್ಲಿ ಏಲಕ್ಕಿ ಹಾಕಿದ ಕಾಫಿ ಕೊಡುತ್ತಾರೆ. ಬಟ್ಟಲು ಖಾಲಿಯಾದ ಕೂಡಲೇ ಮತ್ತೆ ಬಗ್ಗಿಸುತ್ತಾರೆ. ಸಾಕು ಎನ್ನಬೇಕಾದರೆ ಬಟ್ಟಲನ್ನು ಎರಡು ಬೆರಳಲ್ಲಿ ಹಿಡಿದು ಆಚೀಚೆ ಅಲ್ಲಾಡಿಸಬೇಕು. ನನಗೆ ಇದು ಗೊತ್ತಿರಲಿಲ್ಲ. ಕೊಟ್ಟದ್ದನ್ನು ಬಿಟ್ಟರೆ ಅವಮಾನವಾದೀತೆಂದು ಕುಡಿಯುತ್ತಲೇ ಹೋದೆ. ಇಷ್ಟಪಟ್ಟು ಕುಡಿಯುತ್ತಿದ್ದಾರೆಂದು ಬಗ್ಗಿಸುವವನು ಬಗ್ಗಿಸುತ್ತಲೇ ಹೋದ. ನನ್ನ ಪಕ್ಕದಲ್ಲಿ ಕೂತಿದ್ದವನು ಆಫೀಸಿನ ಗುಮಾಸ್ತ ಶೇಖರ, ಕಾಪುವಿನವನು, ಮನೆಮಾತು ತುಳು. ಎಷ್ಟೋ ಹೊತ್ತಿನ ಮೇಲೆ ಅಬು ಫಹದ್ ಅವರೇ ಎದ್ದು ಬಂದು ನನ್ನ ಮಣಿಕಟ್ಟು ಹಿಡಿದು ಅಲ್ಲಾಡಿಸಿದರು.

"ಹೀಗೆ, ಉಸ್ತಾದ್. ಇಲ್ಲದಿದ್ದರೆ ನನ್ನ ಕಾಫಿಯೂ ಮುಗಿಯುತ್ತದೆ, ನಿಮ್ಮ ನಿದ್ದೆಯೂ ಮುಗಿಯುತ್ತದೆ."

ಹೊರಗೆ ಬಂದ ಮೇಲೆ ಶೇಖರನನ್ನು ಹಿಡಿದೆ. "ನಿನಗೆ ಗೊತ್ತಿತ್ತಲ್ಲ, ಯಾಕೆ ಹೇಳ್ಲಿಲ್ಲ?"

"ನೀವು ಕುಡಿಯುವ ಚಂದ ನೋಡಿ ಹೇಳ್ಲಿಕ್ಕೆ ಮನಸ್ಸು ಬರ್ಲಿಲ್ಲ ಮಾಸ್ಟ್ರೆ."

ಚುನಾವಣೆಗೆ ಬರುತ್ತೇನೆ. ಪುಸ್ತಕದಲ್ಲಿ ನಾಗರಿಕರ ರಾಜಕೀಯ ಪಾಲ್ಗೊಳ್ಳುವಿಕೆ ಎಂಬ ಅಧ್ಯಾಯವಿತ್ತು. ಮಕ್ಕಳು ಅದರ ವ್ಯಾಖ್ಯೆಯನ್ನು ಒಂದಕ್ಷರ ಬಿಡದೆ ಒಪ್ಪಿಸುತ್ತಿದ್ದರು, ಯಾರೂ ಯಾವುದರಲ್ಲೂ ಪಾಲ್ಗೊಳ್ಳುತ್ತಿರಲಿಲ್ಲ. ಹಾಗಾಗಿ ಆ ವರ್ಷ, ವಿದ್ಯಾರ್ಥಿ ಅಧ್ಯಕ್ಷರನ್ನು ಅಮೆರಿಕದ ಪದ್ಧತಿಯಲ್ಲಿ ಆರಿಸೋಣ ಎಂದು ಮಿಸ್ ಹುದಾಗೆ ಹೇಳಿದೆ. ಅವರು ಅಬು ಫಹದ್ ಅವರನ್ನು ಕೇಳಿದರು. ಮೊಮ್ಮಗ ನಿಲ್ಲುತ್ತಾನೆಂದು ತಿಳಿದು ಅವರಿಗೆ ಖುಷಿಯಾಯಿತು.

"ನೂರಕ್ಕೆ ನೂರು ಅಮೆರಿಕನ್ ಆಗಬೇಕು," ಎಂದರು. "ಒಂದು ಕೂದಲೆಳೆಯಷ್ಟೂ ಕಡಿಮೆಯಾಗಬಾರದು."

ಕಡಿಮೆಯಾಗಲಿಲ್ಲ.

ಪದ್ಧತಿ ಹೀಗಿತ್ತು. ಪ್ರತಿ ತರಗತಿಯೂ ಒಂದು ರಾಜ್ಯ. ತರಗತಿಯಲ್ಲಿ ಹತ್ತು ಮಕ್ಕಳಿಗೆ ಒಂದು ಅಂಕ, ಜೊತೆಗೆ ದೊಡ್ಡದಿರಲಿ ಸಣ್ಣದಿರಲಿ, ಪ್ರತಿ ರಾಜ್ಯಕ್ಕೂ ಎರಡು ಅಂಕ. ಒಂದು ತರಗತಿಯಲ್ಲಿ ಯಾರಿಗೆ ಹೆಚ್ಚು ಮತ ಬೀಳುತ್ತದೋ ಆ ತರಗತಿಯ ಅಂಕಗಳೆಲ್ಲ ಅವರಿಗೆ. ಹೆಚ್ಚು ಅಂಕ ಪಡೆದವರು ಅಧ್ಯಕ್ಷರು.

ನವಾಫನ ಎದುರು ನಿಂತವಳು ಅದೇ ತರಗತಿಯ ದಲಾಲ್, ಅವಳೂ ಕುವೈತಿ. ಆ ದೇಶದ ಹೆಂಗಸರಿಗೆ ಮತದಾನದ ಹಕ್ಕು ಕೊಡಬೇಕೋ ಬೇಡವೋ ಎಂದು ದಿವಾನಿಯಾಗಳಲ್ಲಿ ಬಿಸಿಬಿಸಿ ವಾದ ನಡೆಯುತ್ತಿದ್ದ ದಿನಗಳು ಅವು.

"ಮಿಸ್ಟರ್, ನನ್ನ ತಾಯಿಗೆ ಮತ ಇಲ್ಲ," ಎಂದಳು ಹೆಸರು ಕೊಡುವಾಗ. "ನಿಮ್ಮ ಅಮೆರಿಕದಲ್ಲಿ ನಾನು ನಿಲ್ಲಬಹುದಾ?"

"ಪುಸ್ತಕದಲ್ಲಿ ಬೇಡ ಎಂದಿಲ್ಲ."

"ಇನ್ನೊಂದು. ಮೂರನೇ ಮಹಡಿಯಲ್ಲಿ ಬರೇ ಎಂಟೊಂಬತ್ತು ಮಕ್ಕಳ ತರಗತಿಗಳಿವೆ. ಅವಕ್ಕೂ ಎರಡೆರಡು ಅಂಕ ಜಾಸ್ತಿಯಾ?"

"ಪ್ರತಿ ರಾಜ್ಯಕ್ಕೂ."

ಪುಸ್ತಕ ಮುಚ್ಚಿ ಸಣ್ಣಗೆ ನಕ್ಕಳು. ಆ ನಗು ನನಗೆ ಅರ್ಥವಾದದ್ದು ಮತ ಎಣಿಸಿದ ದಿನ.

ನವಾಫ್ ಪ್ರಚಾರ ಮಾಡಿದ್ದು ಅಲ್ಲಿನ ದೊಡ್ಡವರು ಮಾಡುವ ಹಾಗೆಯೇ. ಅಂಗಳದಲ್ಲಿ ಡೇರೆ ಹಾಕಿಸಿ, ರತ್ನಗಂಬಳಿ ಹಾಸಿ, ದೊಡ್ಡ ದೊಡ್ಡ ತಟ್ಟೆಗಳಲ್ಲಿ ಕುರಿಮಾಂಸದ ಅನ್ನ ತರಿಸಿದ. ಇಡೀ ಶಾಲೆ ಉಂಡಿತು. ಚುನಾವಣಾಧಿಕಾರಿಯಾದ ನಾನೂ ಉಂಡೆ, ಚೆನ್ನಾಗಿತ್ತು. ದಲಾಲ್ ಕೂಡ ಅವನ ಡೇರೆಯಲ್ಲೇ ಹೊಟ್ಟೆ ತುಂಬ ಉಂಡು, ಕೈ ತೊಳೆದು, ನೆಟ್ಟಗೆ ಮೂರನೇ ಮಹಡಿಗೆ ಹೋದಳು. ಹೊಸದಾಗಿ ಬಂದು ಇಂಗ್ಲಿಷ್ ಕಲಿಯುತ್ತಿದ್ದ ಮಕ್ಕಳ ಸಣ್ಣ ಸಣ್ಣ ತರಗತಿಗಳೆಲ್ಲ ಅಲ್ಲಿದ್ದವು. ಆ ಮಹಡಿಯ ನೀರಿನ ಕೂಲರ್ ಕೆಟ್ಟು ಬಹಳ ಕಾಲವಾಗಿತ್ತು. ಗೆದ್ದರೆ ಅದನ್ನು ರಿಪೇರಿ ಮಾಡಿಸುತ್ತೇನೆ ಎಂದಳು. ಬೇರೆ ಒಂದೂ ಭರವಸೆ ಕೊಡಲಿಲ್ಲ.

ಮತದಾನಕ್ಕೆ ಮುಂಚೆ ಒಂದು ಪಾಠ ಬಾಕಿಯಿತ್ತು. ಅಮೆರಿಕದಲ್ಲಿ ಸೋತವನು ಗೆದ್ದವನಿಗೆ ತಾನಾಗಿ ಫೋನ್ ಮಾಡಿ ಅಭಿನಂದನೆ ಹೇಳುವುದು ರೂಢಿ ಎಂದೆ. ತರಗತಿ ನಕ್ಕಿತು. ಇಲ್ಲಿ ಹೇಗೆ ಎಂದು ಕೇಳಿದೆ.

ದಲಾಲ್ ಎದ್ದು ನಿಂತಳು. "ನನ್ನ ಚಿಕ್ಕಪ್ಪ ಒಮ್ಮೆ ದೇಶದ ಚುನಾವಣೆಯಲ್ಲಿ ಸೋತರು. ಗೆದ್ದವರು ಮರುದಿನ ಸಂಜೆ ಅವರ ದಿವಾನಿಯಾಕ್ಕೆ ಬಂದರು. ಚಿಕ್ಕಪ್ಪ ಆಳಿನ ಕೈಯಿಂದ ಹೂಜಿ ತಗೊಂಡು ತಾವೇ ಕಾಫಿ ಬಗ್ಗಿಸಿ ಕೊಟ್ಟರು."

"ಕೊಡದಿದ್ದರೆ?"

ಹಿಂದಿನ ಬೆಂಚಿನಿಂದ ನವಾಫನ ದನಿ ಬಂತು. "ಕೊಡದಿದ್ದರೆ ಆಮೇಲೆ ಅವರ ದಿವಾನಿಯಾಕ್ಕೆ ಯಾರು ಬರುತ್ತಾರೆ ಮಿಸ್ಟರ್?"

ಬುಧವಾರ ಮತದಾನ. ತರಗತಿಯ ಎಲ್ಲರ ಎದುರು ಎಣಿಸಿ, ಬೋರ್ಡಿನ ಮೇಲೆ ಬರೆದು, ಎರಡು ಸಲ ಕೂಡಿಸಿದೆ. ಮತ ನವಾಫನಿಗೆ ಹೆಚ್ಚು. ಅಂಕ ದಲಾಲ್‌ಗೆ ಹೆಚ್ಚು. ಮೂರನೇ ಮಹಡಿ ಇಡಿಯಾಗಿ ಅವಳ ಕೈಹಿಡಿದಿತ್ತು.

ನವಾಫ್ ಬೋರ್ಡಿನ ಹತ್ತಿರ ಬಂದು ನೋಡಿದ. "ನನಗೆ ಹೆಚ್ಚು ಮತ."

"ಹೌದು."

"ಗೆದ್ದದ್ದು ಅವಳು."

"ಹೌದು."

"ಅಮೆರಿಕದವರು ಇದನ್ನು ಒಪ್ಪುತ್ತಾರಾ?"

"ಬೈದುಕೊಂಡು ಒಪ್ಪುತ್ತಾರೆ."

ತಲೆ ತುರಿಸಿಕೊಂಡು ಹೋದ. ಶಾಲೆ ಬಿಡುವ ಮೊದಲು ನನಗೆ ಕರೆ ಬಂತು. ಅಬು ಫಹದ್ ಅವರ ಕೋಣೆಯಲ್ಲಿ ಮಿಸ್ ಹುದಾ ಇದ್ದರು, ಫೈಲುಗಳನ್ನು ಎದೆಗವಚಿಕೊಂಡು ಶೇಖರ ಬಾಗಿಲ ಹತ್ತಿರ ನಿಂತಿದ್ದ.

"ಹೆಚ್ಚು ಮಕ್ಕಳು ನನ್ನ ಮೊಮ್ಮಗನ ಊಟ ಉಂಡರು," ಎಂದು ಅಬು ಫಹದ್ ನಿಧಾನವಾಗಿ ಶುರುಮಾಡಿದರು. "ಉಂಡವರು ಅವನಿಗೇ ಮತ ಕೊಟ್ಟರು. ಇಷ್ಟು ಪ್ರಾಮಾಣಿಕ ಮತದಾರರು ಕುವೈತಿನಲ್ಲಿ ಬೇರೆಲ್ಲೂ ಸಿಗುವುದಿಲ್ಲ. ಆದರೂ ಅವನು ಸೋತ. ಇದು ಯಾವ ಲೆಕ್ಕ ಉಸ್ತಾದ್?"

"ಅಮೆರಿಕದ್ದು ಸರ್. ಅಲ್ಲೂ ನಾಲ್ಕೈದು ವರ್ಷದ ಹಿಂದೆ ಹೀಗೇ ಆಯಿತು."

ಅವರು ಮಿಸ್ ಹುದಾ ಕಡೆ ತಿರುಗಿದರು. ಮಿಸ್ ಹುದಾ ಫ್ಯಾನು ನೋಡುತ್ತ, "ಟಿವಿಯಲ್ಲಿ ಬಂದಿತ್ತು," ಎಂದರು.

"ಶನಿವಾರ ಅಸೆಂಬ್ಲಿಯಲ್ಲಿ ಕೂಡಿಸುವಾಗ ತಪ್ಪಾಯಿತು ಎಂದು ಹೇಳಿ. ಅಮೆರಿಕದವರಿಗೂ ಕೂಡಿಸಲು ಬರುವುದಿಲ್ಲ, ನಿಮಗೂ ಬರಲಿಲ್ಲ. ಅದರಲ್ಲಿ ನಾಚಿಕೆ ಏನಿದೆ." ಆಮೇಲೆ ಶೇಖರನನ್ನು ಕೇಳಿದರು, "ಈ ಉಸ್ತಾದರ ಇಕಾಮಾ ಯಾವಾಗ ಮುಗಿಯುತ್ತದೆ?"

"ತಿಂಗಳ ಕೊನೆಗೆ ಸರ್."

"ಸರಿ. ಶನಿವಾರದ ನಂತರ ನೋಡೋಣ."

ಇಷ್ಟೇ ಹೇಳಿದ್ದು. ಬೆದರಿಸಿದರು ಎಂದು ನಾನು ಬರೆಯಲಾರೆ, ದನಿ ಏರಿಸಲೇ ಇಲ್ಲ.

ಫಿಂಟಾಸಿನ ನಮ್ಮ ಮನೆಯಲ್ಲಿ ಮಗಳು ಪ್ರೀಮಾ ಹನ್ನೆರಡನೆಯ ಪರೀಕ್ಷೆ ಬರೆಯುತ್ತಿದ್ದಳು. ಅರ್ಧ ಪೇಪರುಗಳು ಮುಗಿದಿದ್ದವು, ಉಳಿದವು ಮುಂದಿನ ತಿಂಗಳಿಗಿದ್ದವು. ಅವಳ ಮತ್ತು ಹೆಂಡತಿ ಲವೀನಾಳ ಪರವಾನಗಿ ನನ್ನದಕ್ಕೆ ಜೋತುಬಿದ್ದಿತ್ತು. ನನ್ನದು ಹೋದರೆ ಮೂವರೂ ಹೊರಡಬೇಕು, ಮಗಳ ಪರೀಕ್ಷೆ ಅರ್ಧಕ್ಕೇ ನಿಲ್ಲುತ್ತದೆ.

"ಹೇಳಿಬಿಡಿ," ಎಂದಳು ಲವೀನಾ. "ಅಮೆರಿಕಕ್ಕೆ ಏನು ನಷ್ಟ?"

ಪ್ರೀಮಾ ಪುಸ್ತಕದಿಂದ ತಲೆ ಎತ್ತಿದಳು. "ಪಪ್ಪಾ, ನಿಜವಾಗಿ ತಪ್ಪಾಗಿತ್ತಾ?"

"ಇಲ್ಲ."

"ಕೂಡಿಸ್ಲಿಕ್ಕೆ ಬರೂದಿಲ್ಲ ಅಂತ ಮೈಕಲ್ಲಿ ಹೇಳಿ ಬಂದವರ ಹತ್ರ ನಾನು ಅಕೌಂಟ್ಸ್ ಹೇಗೆ ಕೇಳೂದು?"

ಲವೀನಾ ಅವಳಿಗೆ ಓದು ಎಂದು ಗದರಿದಳು. ಶುಕ್ರವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಬಂದಾಗ ಶೇಖರನ ಫೋನ್ ಬಂತು.

"ಮಾಸ್ಟ್ರೆ, ನಾನು ನಿಮ್ಮ ಫೈಲಿನ ಮೇಲೆ ಕೂತಿದ್ದೇನೆ. ಯಾರಿಗೂ ಕಾಣೂದಿಲ್ಲ. ಆದ್ರೆ ಎಷ್ಟು ದಿನ ಕೂತ್ಕೊಳ್ಳಿಕ್ಕೆ ಆಗ್ತದೆ ಹೇಳಿ. ನಾನೇನು ಕೋಳಿಯಾ?"

"ನಾನು ಏನು ಹೇಳ್ಬೇಕು ಶೇಖರ?"

"ಎಂತ ಹೇಳ್ತೀರೋ ನಿಮ್ಗೆ ಬಿಟ್ಟದ್ದು ಮಾರಾಯ್ರೆ. ಸಣ್ಣಕ್ಕೆ ಹೇಳಿ. ಆ ಮೈಕು ಅರ್ಧ ಮಾತು ನುಂಗ್ತದೆ."

ಶನಿವಾರ. ಮೊದಲು ಖುರಾನ್ ಪಠಣ, ಆಮೇಲೆ ರಾಷ್ಟ್ರಗೀತೆ. ಅಬು ಫಹದ್ ಅವರ ಕುರ್ಚಿಯ ಹಿಂದೆ ಶೇಖರ ನಿಂತಿದ್ದ. ಮಿಸ್ ಹುದಾ, "ಮಿಸ್ಟರ್ ವಿನ್ಸೆಂಟ್ ಒಂದು ಮಾತು ಹೇಳುತ್ತಾರೆ," ಎಂದರು. ನಾನು ಕಂಬ ಬಿಟ್ಟು ನಡೆದೆ. ಮೈಕಿನ ಮುಂದೆ ನಿಂತೆ. ಗಂಟಲು ಸರಿಮಾಡಿಕೊಂಡೆ. ನೀವು ಏನು ಹೇಳುವವರಿದ್ದಿರಿ ಎಂದು ಆಮೇಲೆ ಎಷ್ಟೋ ಜನ ಕೇಳಿದ್ದಾರೆ. ಗಂಟಲು ಸರಿಮಾಡಿಕೊಂಡದ್ದಕ್ಕೆ ಮಾತ್ರ ನಾನು ಸಾಕ್ಷಿ.

ಯಾಕೆಂದರೆ ಅಷ್ಟರಲ್ಲಿ ಹನ್ನೊಂದನೇ ತರಗತಿಯ ಸಾಲಿನ ಹಿಂದಿನಿಂದ ನವಾಫ್ ಹೊರಬಂದ. ಎಡಗೈಯಲ್ಲಿ ಉದ್ದ ಕೊಕ್ಕಿನ ಹಿತ್ತಾಳೆಯ ಕಾಫಿ ಹೂಜಿ, ಬಲಗೈಯಲ್ಲಿ ಒಂದರೊಳಗೊಂದು ಜೋಡಿಸಿದ ಬಟ್ಟಲುಗಳು. ಹೂಜಿ ಅವನ ಅಜ್ಜನ ದಿವಾನಿಯಾದ್ದು. ನನಗೆ ಅದರ ಪರಿಚಯ ಚೆನ್ನಾಗಿತ್ತು. ನನ್ನನ್ನು ದಾಟಿ, ಅಜ್ಜನನ್ನು ದಾಟಿ, ಹುಡುಗಿಯರ ಸಾಲಿನಲ್ಲಿ ದಲಾಲ್ ಎದುರು ನಿಂತು ಬಟ್ಟಲಿಗೆ ಕಾಫಿ ಬಗ್ಗಿಸಿ ಚಾಚಿದ.

"ಮಬ್ರೂಕ್, ಅಧ್ಯಕ್ಷರೇ."

ಅಭಿನಂದನೆಗೆ ಅವರಲ್ಲಿ ಆ ಮಾತು. ದಲಾಲ್ ಕುಡಿದು ಬಟ್ಟಲು ಮುಂದೆ ಹಿಡಿದಳು. ಬಗ್ಗಿಸಿದ. ಕುಡಿದು ಮತ್ತೆ ಹಿಡಿದಳು. ಮತ್ತೆ ಬಗ್ಗಿಸಿದ. ಸೋತವನ ಕೈಯಿಂದ ಇಡೀ ಶಾಲೆಯ ಎದುರು ಕಾಫಿ ಹಾಕಿಸಿಕೊಳ್ಳುವ ಅವಕಾಶ ದಿನವೂ ಸಿಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಮೂರನೇ ಮಹಡಿಯ ಮಕ್ಕಳು ಕಿಸಕ್ಕನೆ ನಕ್ಕರು.

"ಸಾಕು ಮಾಡು, ಹೂಜಿ ಭಾರ ಇದೆ," ಎಂದು ನವಾಫ್ ಹಲ್ಲು ಕಚ್ಚಿ ಪಿಸುಗುಟ್ಟಿದ್ದು ನನಗೂ ಕೇಳಿಸಿತು. ಆಮೇಲೇ ಅವಳು ಬಟ್ಟಲು ಅಲ್ಲಾಡಿಸಿದಳು.

ಅವನು ತಿರುಗಿ ಅಜ್ಜನ ಕುರ್ಚಿಯ ಬಳಿ ಬಂದು ಇನ್ನೊಂದು ಬಟ್ಟಲು ತುಂಬಿಸಿ ಹಿಡಿದ.

ಅಬು ಫಹದ್ ಬಟ್ಟಲನ್ನು ನೋಡಿದರು. ಕುಡಿದರೆ ಮೊಮ್ಮಗನ ಸೋಲನ್ನು ಒಪ್ಪಿದ ಹಾಗೆ. ಬೇಡವೆಂದರೆ ಸ್ವಂತ ಅಂಗಳದಲ್ಲಿ, ಸ್ವಂತ ಮೊಮ್ಮಗ ಕೊಟ್ಟ ಕಾಫಿಯನ್ನು ಊರೆದುರು ತಿರಸ್ಕರಿಸಿದ ಹಾಗೆ. ನನ್ನನ್ನು ಒಮ್ಮೆ ನೋಡಿದರು. ನಾನು ಮೈಕು ನೋಡಿದೆ. ಅವರು ಬಟ್ಟಲು ತೆಗೆದುಕೊಂಡು ಕುಡಿದರು. ಇನ್ನೊಂದಕ್ಕೆ ಹಿಡಿಯುತ್ತಾರೋ ಎಂದು ಎಲ್ಲರೂ ಕಾದೆವು. ಎರಡು ಬೆರಳಲ್ಲಿ ಬಟ್ಟಲನ್ನು ಆಚೀಚೆ ಅಲ್ಲಾಡಿಸಿದರು.

"ಖಲಾಸ್," ಎಂದು ಮಿಸ್ ಹುದಾ ಮೈಕಿನಲ್ಲಿ ಹೇಳಿದರು, ಎಲ್ಲ ತಾವೇ ಏರ್ಪಾಡು ಮಾಡಿದವರ ಹಾಗೆ. "ಯಲ್ಲಾ, ತರಗತಿಗೆ ನಡೆಯಿರಿ."

ಮಕ್ಕಳು ಚದುರುವಾಗ ನವಾಫ್ ನನ್ನ ಹತ್ತಿರ ಬಂದು ಒಂದು ಬಟ್ಟಲು ಕೊಟ್ಟ. ನನ್ನ ಕೈ ಎಷ್ಟು ನಡುಗುತ್ತಿತ್ತೆಂದರೆ, ಬಟ್ಟಲು ತುಟಿಗೆ ಬರುವ ಮೊದಲೇ ತಾನಾಗಿ ಆಚೀಚೆ ಅಲ್ಲಾಡಿತು.

"ಆಗಲೇ ಸಾಕಾ ಮಿಸ್ಟರ್?" ಎಂದು ಕಾಫಿ ಸಮೇತ ಬಟ್ಟಲನ್ನು ವಾಪಸು ತೆಗೆದುಕೊಂಡ.

"ಯಾಕೆ ಹೀಗೆ ಮಾಡಿದೆ?" ಎಂದು ಕೇಳಿದೆ.

"ನನ್ನ ಡೇರೆಯಲ್ಲಿ ಉಂಡವರು ಮುಂದೆ ನನ್ನ ದಿವಾನಿಯಾಕ್ಕೂ ಬರಬೇಕಲ್ಲ." ಸ್ವಲ್ಪ ಹತ್ತಿರ ಬಂದು ದನಿ ತಗ್ಗಿಸಿದ. "ಹೆಂಗಸರಿಗೂ ಮತ ಬರುತ್ತದೆ ಅಂತ ಮಾತಾಡುತ್ತಿದ್ದಾರೆ ಮಿಸ್ಟರ್. ಆಗ ದಲಾಲ್ ಮನೆಯಲ್ಲೇ ಎಷ್ಟು ಮತ ಆಗುತ್ತದೆ, ಕೂಡಿಸಿ ನೋಡಿ."

ಆ ಹಕ್ಕು ಎರಡು ತಿಂಗಳಲ್ಲಿ ಬಂತು ಕೂಡ. ಹಿಂದಿನ ಬೆಂಚಿನಲ್ಲಿ ಮಲಗುವ ಹುಡುಗರ ಬಗ್ಗೆ ಆಮೇಲೆ ನಾನು ಪೋಷಕರಿಗೆ ದೂರು ಹೇಳಿಲ್ಲ.

ಮಧ್ಯಾಹ್ನ ಶೇಖರ ಸ್ಟಾಫ್ ರೂಮಿಗೆ ಬಂದ. "ಫೈಲಿನ ಮೇಲಿಂದ ಎದ್ದೆ ಮಾಸ್ಟ್ರೆ. ಸಹಿ ಆಯ್ತು."

"ಏನಾದ್ರೂ ಹೇಳಿದ್ರಾ?"

"ಹೇಳಿದ್ರು. ಮುಂದಿನ ವರ್ಷ ಬ್ರಿಟಿಷ್ ಪದ್ಧತಿ ಎಂತ ಉಂಟೂಂತ ನೋಡ್ಬೇಕಂತೆ."

ಗೇಟಿನ ಬೋರ್ಡು ಹಾಗೇ ಉಳಿಯಿತು. ಪ್ರೀಮಾ ಉಳಿದ ಪೇಪರುಗಳನ್ನು ಬರೆದಳು. ಮೂರನೇ ಮಹಡಿಯ ಕೂಲರ್ ಆ ಬೇಸಿಗೆಗೆ ಮುಂಚೆ ರಿಪೇರಿಯಾಯಿತು, ನೀರು ಕುಡಿದು ನೋಡಿ ಬರೆದಿದ್ದೇನೆ. ನಾನು ಇನ್ನೂ ಹತ್ತು ವರ್ಷ ಅಲ್ಲೇ ಅಮೆರಿಕವಾಗಿದ್ದು ನಿವೃತ್ತನಾದೆ. ಅಮೆರಿಕ ಈಗಲೂ ನೋಡಿಲ್ಲ.

ಅಬು ಫಹದ್ ಈಗ ಇಲ್ಲ. ಆ ಬೆಳಿಗ್ಗೆ ಅಂಗಳದಲ್ಲಿದ್ದು, ಎಲ್ಲವನ್ನೂ ಕಂಡು, ಈಗಲೂ ಬದುಕಿರುವವರಲ್ಲಿ ನನಗೆ ವಿಳಾಸ ಗೊತ್ತಿರುವವರು ನಾಲ್ವರು. ಮಿಸ್ ಹುದಾ ಬೈರೂತಿನಲ್ಲಿ ತಂಗಿಯ ಜೊತೆ ಇದ್ದಾರೆ. ದಲಾಲ್ ಕುವೈತಿನಲ್ಲೇ ವಕೀಲೆ. ನವಾಫ್ ಅಜ್ಜನ ಕುರ್ಚಿಯಲ್ಲಿ ಕೂತು ಶಾಲೆ ನಡೆಸುತ್ತಿದ್ದಾನೆ, ಅವನ ದಿವಾನಿಯಾ ತುಂಬಿರುತ್ತದಂತೆ. ಶೇಖರ ಕಾಪುವಿನಲ್ಲಿ ಮನೆ ಕಟ್ಟಿಸಿ ಮೊಮ್ಮಕ್ಕಳನ್ನು ಆಡಿಸುತ್ತಿದ್ದಾನೆ. ನಾಲ್ವರ ಮಾತೂ ನನ್ನ ಮಾತಿಗೆ ಹೊಂದುತ್ತದೆ, ಒಂದನ್ನು ಬಿಟ್ಟು. ನಾನೂ ಅವತ್ತು ಕಾಫಿ ಕುಡಿದೆ ಎಂದು ದಲಾಲ್ ಹೇಳುತ್ತಾಳೆ, ಮಿಸ್ ಹುದಾ ಹೌದು ಎನ್ನುತ್ತಾರೆ, ನವಾಫ್ ನಗುತ್ತಾನೆ. ಬಹುಮತ ಅವರದ್ದು. ಆದರೆ ನಾನು ಕುಡಿದಿಲ್ಲ. ಶೇಖರನನ್ನು ಕೇಳಿ, ನನ್ನ ಬಟ್ಟಲನ್ನು ನವಾಫನ ಕೈಯಿಂದ ಇಸಿದುಕೊಂಡು ಕುಡಿದವನು ಅವನು.